ಮೂರು ಜನ ಓದಿದ್ರೂ ಪುಸ್ತಕದಲ್ಲಿ 63 ತಪ್ಪು ಹೇಗೆ ಉಳೀತು?

ಪ್ರಶ್ನೆ: ವಿಜಯನಗರದಲ್ಲಿರೋದು ನಾವು. ಮನೆಯವರ ನೆನಪುಗಳನ್ನೆಲ್ಲ ಸೇರಿಸಿ 208 ಪುಟದ ಒಂದು ಪುಸ್ತಕ ಬರೆದು ನನ್ನ ಸ್ವಂತ ದುಡ್ಡಲ್ಲೇ 500 ಪ್ರತಿ ಅಚ್ಚು ಹಾಕಿಸಿದೆ. ನಾನೇ ನಾಲ್ಕು ಸಲ ಓದಿದ್ದೆ, ನಮ್ಮೆಜಮಾನ್ರು ಓದಿದ್ರು, ಗೆಳತಿಯೊಬ್ಬಳು ಓದಿದ್ಲು. ಕೊನೇ ಪಿಡಿಎಫ್ ಅಂತೂ ಮೆಟ್ರೋದಲ್ಲಿ ಆಫೀಸಿಗೆ ಹೋಗ್ತಾ ಬರ್ತಾ ಮೊಬೈಲಲ್ಲಿ ಪೂರ್ತಿ ನೋಡಿ ಓಕೆ ಅಂದಿದ್ದೆ. ಪುಸ್ತಕ ಬಂದ ವಾರಕ್ಕೆ ನಮ್ಮ ದೊಡ್ಡಮ್ಮ, ಅವರು ರಿಟೈರ್ಡ್ ಟೀಚರ್, ಪೆನ್ಸಿಲ್ ಹಿಡ್ಕೊಂಡು 63 ತಪ್ಪು ಗುರುತು ಮಾಡಿ ಕೊಟ್ರು. ನಮ್ಮಪ್ಪ ನಾನು ಹುಟ್ಟೋಕೆ ಮುಂಚೆಯೇ ತೀರಿಕೊಂಡವರು, ಅವರ ಅಧ್ಯಾಯಕ್ಕೆ ‘ನಾನು ನೋಡದ ಅಪ್ಪ’ ಅಂತ ಹೆಸರಿಟ್ಟಿದ್ದೆ, ಅಚ್ಚಾಗಿರೋದು ‘ನಾನು ನೋಡಿದ ಅಪ್ಪ’. 380 ಪ್ರತಿ ಇನ್ನೂ ಮನೇಲೇ ಇದೆ, ಯಾರಿಗೂ ಕೊಡೋಕೆ ಮನಸ್ಸಾಗ್ತಿಲ್ಲ. ಇಷ್ಟು ಓದಿದ್ರೂ ಹೀಗ್ಯಾಕಾಯ್ತು? ಈಗ ಏನ್ ಮಾಡ್ಲಿ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಓದಿದ ತಕ್ಷಣ ಆ ಎರಡು ಪದಾನ ಒಂದು ಹಾಳೆ ಮೇಲೆ ಪಕ್ಕಪಕ್ಕ ಬರೆದು ನೋಡಿದೆ. ನೋಡದ. ನೋಡಿದ. ಡಕಾರದ ಮೇಲೆ ಒಂದು ಗುಡಿಸು, ಅಷ್ಟೇ ವ್ಯತ್ಯಾಸ. ಆ ಗುಡಿಸು ಬಂದ ಕ್ಷಣಕ್ಕೆ ನೀವು ಇಡೀ ಅಧ್ಯಾಯದಲ್ಲಿ ಹೇಳೋಕೆ ಹೊರಟಿದ್ದು ತಲೆಕೆಳಗಾಗಿ ಹೋಯ್ತು, ಹುಟ್ಟೋ ಮುಂಚೆ ಹೋದ ಅಪ್ಪನ್ನ ಮಗಳು ನೋಡಿದ ಹಾಗಾಯ್ತು. 63ರಲ್ಲಿ ಇದೊಂದು ಬೇರೆ ಜಾತಿ ತಪ್ಪು. ಹಾಗಾಗಿ ಮೊದಲು ಇದರ ಬಗ್ಗೆಯೇ ಬರೀತೀನಿ, ಉಳಿದಿದ್ದು ಆಮೇಲೆ.

1631ರಲ್ಲಿ ಲಂಡನ್ನಲ್ಲಿ ರಾಜನ ಮುದ್ರಕರೇ ಅಚ್ಚು ಹಾಕಿದ ಒಂದು ಬೈಬಲ್‌ನಲ್ಲಿ ಹತ್ತು ಆಜ್ಞೆಗಳ ಜಾಗದಲ್ಲಿ ‘ನಾಟ್’ ಅನ್ನೋ ಪದ ಬಿಟ್ಟುಹೋಗಿ, ವ್ಯಭಿಚಾರ ಮಾಡಬೇಡ ಅನ್ನೋದು ಮಾಡು ಅಂತಾಗಿ, ಮುದ್ರಕರಿಗೆ 300 ಪೌಂಡ್ ದಂಡ ಬಿದ್ದಿತ್ತು. ಅಲ್ಲಿ ಅರ್ಥ ಉಲ್ಟಾ ಆಗೋಕೆ ಒಂದು ಇಡೀ ಪದ ಬಿಟ್ಟುಹೋಗಬೇಕಾಯ್ತು, ನಮ್ಮ ಭಾಷೇಲಿ ಅದಕ್ಕೆ ಒಂದು ಗುಡಿಸು ಸಾಕು. ಓದಿದವರು, ಓದದವರು. ತಿಳಿಸಿದೆ, ತಿಳಿಸದೆ. ಕೇಳಿದ ಮಾತು, ಕೇಳದ ಮಾತು. ದೀರ್ಘ ಒಂದು ಹಾರಿಹೋದ್ರೆ ‘ಬಂದಿದ್ದಾರೆ’ ಅನ್ನೋದು ‘ಬಂದಿದ್ದರೆ’ ಆಗುತ್ತೆ, ಬಂದು ಕೂತವರು ಬಂದೇ ಇಲ್ಲ ಅನ್ನೋ ಹಾಗಾಗುತ್ತೆ. ಇವೆಲ್ಲ ಕಾಗುಣಿತದ ಲೆಕ್ಕದಲ್ಲಿ ಸರಿಯಾದ ಪದಗಳೇ, ಯಾವ ಸ್ಪೆಲ್‌ಚೆಕ್ಕೂ ಇವನ್ನ ಹಿಡಿಯಲ್ಲ, ನಿಮ್ಮ ಗೆಳತಿಯೂ ಹಿಡಿಯೋಕೆ ಆಗ್ತಿರ್ಲಿಲ್ಲ ಯಾಕಂದ್ರೆ ಅವರ ಕಣ್ಣಿಗೆ ಅದು ತಪ್ಪೇ ಅಲ್ಲ, ‘ನಾನು ನೋಡಿದ ಅಪ್ಪ’ ಅಂತ ಎಷ್ಟು ಜನ ಬರೆದಿಲ್ಲ!

ಈಗ ಒಂದು ಕೆಲಸ ಮಾಡಿ. ನೀವು ಡಿಟಿಪಿಯವರಿಗೆ, ಅಂದ್ರೆ ಕಂಪ್ಯೂಟರಲ್ಲಿ ಪುಟ ಕಟ್ಟೋರಿಗೆ, ಕೊಟ್ಟ ಮೂಲ ಫೈಲ್ ತೆಗೆದು ಆ ಶೀರ್ಷಿಕೆ ನೋಡಿ. ಅಲ್ಲಿ ‘ನೋಡದ’ ಅಂತಲೇ ಸರಿಯಾಗಿ ಇರುತ್ತೆ ಅಂತ ನನ್ನ ಅಂದಾಜು. ಯಾಕೆ ಹೇಳ್ತೀನಿ ಅಂದ್ರೆ ಶೀರ್ಷಿಕೆಗಳನ್ನ ಬಹಳ ಕಡೆ ಕೈಯಲ್ಲಿ ಮತ್ತೆ ಟೈಪ್ ಮಾಡ್ತಾರೆ, ದಪ್ಪ ಅಕ್ಷರದ ಚೆಂದದ ಫಾಂಟು ಬೇರೆ ಸಾಫ್ಟ್‌ವೇರಿಂದಾಗಿರುತ್ತೆ, ಒಳಗಿನ ಬರಹದ ಫಾಂಟಿಗೂ ಅದಕ್ಕೂ ಹೊಂದಲ್ಲ, ಹಾಗಾಗಿ ಆಪರೇಟರ್ ನಿಮ್ಮ ಫೈಲ್ ನೋಡ್ಕೊಂಡು ಹೊಸದಾಗಿ ಹೊಡೀತಾರೆ. ರಕ್ಷಾಪುಟ, ಬೆನ್ನು, ಪರಿವಿಡಿ, ಅಧ್ಯಾಯದ ತಲೆಬರಹ ಎಲ್ಲ ಹೀಗೆ ಎರಡನೇ ಸಲ ಹುಟ್ಟಿದ ಅಕ್ಷರಗಳು. ಓದುವವರು ದೊಡ್ಡ ಅಕ್ಷರ ಕಂಡ ತಕ್ಷಣ ಅದನ್ನ ದಾಟಿ ಕೆಳಗೆ ಹೋಗಿಬಿಡ್ತಾರೆ. ನಾನು ಕರಡು ತಿದ್ದೋ ಈ ಕೆಲಸದಲ್ಲಿ ಕಂಡ ಅತಿ ನೋವಿನ ತಪ್ಪುಗಳೆಲ್ಲ 24 ಪಾಯಿಂಟಿಗಿಂತ ದೊಡ್ಡ ಅಕ್ಷರದಲ್ಲೇ ಇದ್ದವು.

ನಿಮ್ಮ ಕೊರಗಿಗೆ ಕಾರಣ ‘ನಾಲ್ಕು ಸಲ ಓದಿದ್ರೂ’ ಅನ್ನೋದು ಅಲ್ವಾ? ನಾನು ಹೇಳೋದು ಇಷ್ಟೇ: ಬಹಳಷ್ಟು ತಪ್ಪುಗಳು ನಿಮ್ಮ ಓದು ಮುಗಿದ ಮೇಲೆ ಒಳಗೆ ಬಂದಿರೋವು.

ನಾನು 1996ರಲ್ಲಿ ಚಾಮರಾಜಪೇಟೆಯ ಒಂದು ಪ್ರೆಸ್ಸಿಗೆ ಕರಡು ತಿದ್ದೋಕೆ ಸೇರಿದಾಗ ಸೀಸದ ಅಚ್ಚಿನ ಮೊಳೆ ಜೋಡಿಸೋ ಕಾಲ ಮುಗೀತಾ ಬಂದಿತ್ತು, ಆದ್ರೆ ಅಲ್ಲಿನ ಪದ್ಧತಿ ಇನ್ನೂ ಹಳೇದೇ. ಕೈಬರಹದ ಪ್ರತಿ ಕಂಪೋಸಿಟರ್ ಹತ್ರ ಹೋಗ್ತಿತ್ತು, ಅವರು ಜೋಡಿಸಿದ್ದು ಗ್ಯಾಲಿ ಪ್ರೂಫಾಗಿ, ಅಂದ್ರೆ ಪುಟ ಕಟ್ಟೋ ಮುಂಚಿನ ಉದ್ದ ಹಾಳೆಯ ಕರಡಾಗಿ, ನಮ್ಮ ಮೇಜಿಗೆ ಬರ್ತಿತ್ತು, ಒಬ್ಬರು ಮೂಲ ಪ್ರತಿ ಹಿಡ್ಕೊಂಡು ಜೋರಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮ ಸಮೇತ, ಇನ್ನೊಬ್ಬರು ಪ್ರೂಫ್ ಮೇಲೆ ಕಣ್ಣಿಟ್ಟು ಪೆನ್ನು ಓಡಿಸಬೇಕು. ಮೊದಲ ಎರಡು ವರ್ಷ ನನ್ನ ಕೆಲಸ ಬರೀ ಪ್ರತಿ ಹಿಡಿಯೋದೇ ಆಗಿತ್ತು, ಸಂಜೆ ಹೊತ್ತಿಗೆ ಗಂಟಲು ಕಟ್ಟಿಹೋಗ್ತಿತ್ತು. ಆ ಪದ್ಧತೀಲಿ ‘ನೋಡದ’ ಅಂತ ಒಬ್ಬರು ಕೂಗಿದಾಗ ಇನ್ನೊಬ್ಬರ ಕಣ್ಣ ಮುಂದೆ ‘ನೋಡಿದ’ ಅಂತಿದ್ರೆ ಅದು ತಪ್ಪಿಸಿಕೊಳ್ಳೋಕೆ ದಾರಿಯೇ ಇರ್ಲಿಲ್ಲ, ಯಾಕಂದ್ರೆ ಅಲ್ಲಿ ನಡೀತಿದ್ದಿದ್ದು ಎರಡು ಪ್ರತಿ ಹೋಲಿಸೋ ಕೆಲಸ.

ಲೇಖಕರು ತಾವೇ ಟೈಪ್ ಮಾಡೋಕೆ ಶುರು ಮಾಡಿದ ಮೇಲೆ ಹೇಗಿದ್ರೂ ಸಾಫ್ಟ್ ಕಾಪಿ ಇದೆಯಲ್ಲ, ಅದನ್ನೇ ಹಾಗೇ ಸುರಿದ್ರಾಯ್ತು ಅನ್ನೋ ನಂಬಿಕೆ ಬಂತು, ಪ್ರತಿ ಹಿಡಿಯೋ ಮನುಷ್ಯ ಬೇಡವಾದ. ಆದ್ರೆ ಕನ್ನಡದಲ್ಲಿ ಫೈಲ್ ಹಾಗೇ ಸುರಿಯೋಕೆ ಬರಲ್ಲ ಮೇಡಂ! ನೀವು ಬರೆದಿರೋದು ಯೂನಿಕೋಡಲ್ಲಿ, ಅಂದ್ರೆ ಪ್ರತೀ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರೋ ಪದ್ಧತೀಲಿ, ಮೊಬೈಲಲ್ಲೋ ವರ್ಡಲ್ಲೋ. ನಮ್ಮಲ್ಲಿ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಪುಟ ಕಟ್ಟೋಕೆ ಪೇಜ್‌ಮೇಕರ್ ಅನ್ನೋ ಹಳೇ ಸಾಫ್ಟ್‌ವೇರ್ ಓಡ್ತಿದೆ, ಅದರ ಕೊನೇ ಆವೃತ್ತಿ ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಹಾಗಾಗಿ ನಿಮ್ಮ ಫೈಲನ್ನ ಕನ್ವರ್ಟರ್‌ಗೆ ಹಾಕಿ ಹಳೇ ನುಡಿ ಸಾಫ್ಟ್‌ವೇರಿನ ಥರದ ಆಸ್ಕಿ ಫಾಂಟಿಗೆ ತಿರುಗಿಸ್ತಾರೆ, ಅಲ್ಲಿಂದಾಚೆ ನಿಮ್ಮ ಬರಹ ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖ ಅಂಟಿಸಿರೋದು. ನುಡಿಯ ಆಸ್ಕಿ ಫಾಂಟಲ್ಲಿ ಇಂಗ್ಲಿಷಿನ ದೊಡ್ಡ ‘ಎಂ’ ಜಾಗದಲ್ಲಿ ‘ಒ’ ಕೂತಿದೆ, ‘ಜಿ’ ಜಾಗದಲ್ಲಿ ‘ಉ’ ಕೂತಿದೆ. ನೀವೆಲ್ಲಾದ್ರೂ ಎಂ.ಜಿ. ರೋಡ್ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ರೆ ಅದು ‘ಒ.ಉ.’ ಅಂತ ಅಚ್ಚಾಗುತ್ತೆ. ನಿಮ್ಮ ದೊಡ್ಡಮ್ಮನ ಪಟ್ಟೀಲಿ ‘ಅರ್ಥವಾಗದ ಅಕ್ಷರಗಳು’ ಅಂತ ಏನಾದ್ರೂ ಇದ್ರೆ ಇದೇ ಇರಬೇಕು ನೋಡಿ.

ಕನ್ವರ್ಟರ್ ಮಾಡೋ ಇನ್ನೂ ಕೆಲವು ಕಿತಾಪತಿ ಇವೆ, ಸ್ವಲ್ಪ ಹತ್ತಿರದಿಂದ ನೋಡೋಣ. ‘ಸಾಫ್ಟ್‌ವೇರ್’, ‘ರಾಜ್‌ಕುಮಾರ್’ ಥರದ ಪದಗಳಲ್ಲಿ ಟ್ ಆದ ಮೇಲೆ, ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತೆ, ಮುಂದಿನ ಅಕ್ಷರ ಒತ್ತಾಗಬೇಡ ಅಂತ ತಡೆಯೋದು ಅದರ ಕೆಲಸ. ತಿರುಗಿಸುವಾಗ ಅದು ಬಿದ್ದುಹೋದ್ರೆ ‘ಸಾಫ್ಟ್ವೇರ್’, ‘ರಾಜ್ಕುಮಾರ್’ ಅಂತ ಒತ್ತು ಕೆಳಗೆ ನೇತಾಡುತ್ತೆ. ಆಸ್ಕಿಯಲ್ಲಿ ಒತ್ತಕ್ಷರ ಬೇರೆಯದೇ ತುಂಡು, ಅದಕ್ಕೆ ಸಾಲಿನ ಕೊನೇಲಿ ‘ಅಮ್ಮ’ ಬಂದ್ರೆ ‘ಅಮ’ ಅಲ್ಲೇ ಉಳಿದು ಮಕಾರದ ಒತ್ತು ಒಂದೇ ಮುಂದಿನ ಸಾಲಿನ ಮೊದಲಿಗೆ ಹೋಗಿ ಕೂತಿರೋದನ್ನ ನಾನು ಎಷ್ಟೋ ಸಲ ನೋಡಿದೀನಿ. ಇನ್ನೊಂದು ಸೊನ್ನೆ. ಟೈಪ್ ಮಾಡೋವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಹೊಡೆದಿರ್ತಾರೆ, ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಫಾಂಟು ಬದಲಾದಾಗ ಬಣ್ಣ ಬಯಲಾಗುತ್ತೆ, ‘ಬೆಂಗಳೂರು’ ಮಧ್ಯದಲ್ಲಿ ಒಂದು ದಪ್ಪ ಸೊನ್ನೆ. ಇದನ್ನ ಫೈಲ್ ಕೊಡೋ ಮುಂಚೆಯೇ ನೀವು ಕೂತಲ್ಲೇ ಸರಿ ಮಾಡಬಹುದು, ಫೈಂಡ್‌ನಲ್ಲಿ ಕನ್ನಡ ಅಂಕಿ ಸೊನ್ನೆ ಹಾಕಿ ಹುಡುಕಿ, ಕನ್ನಡ ಅಂಕಿಯಲ್ಲಿ ಬರೆದ ಇಸವಿ, ವಯಸ್ಸಿನಂಥ ಸಂಖ್ಯೆ ಇದ್ರೆ ಅದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಅನುಸ್ವಾರ ಮಾಡಿ.

ಇಷ್ಟೆಲ್ಲ ಆದ ಮೇಲೆ ರಾತ್ರಿ ಹತ್ತೂವರೆಗೆ ವಾಟ್ಸಾಪಲ್ಲಿ ಪಿಡಿಎಫ್ ಬರುತ್ತೆ, ‘ಮೇಡಂ ಬೆಳಿಗ್ಗೆ ಅಚ್ಚಿನ ಪ್ಲೇಟಿಗೆ ಹೋಗ್ಬೇಕು, ಒಂದ್ಸಲ ನೋಡಿ ಓಕೆ ಮಾಡಿ’ ಅಂತ. ನೀವು ಓದ್ತೀರಿ. ಆದ್ರೆ ನೀವು ಬರೆದಿದ್ದನ್ನ ನೀವು ಓದೋವಾಗ ಕಣ್ಣು ಅಕ್ಷರ ಅಕ್ಷರ ಕೂಡಿಸಿ ಓದಲ್ಲ, ಹಾರ್ತಾ ಹೋಗುತ್ತೆ, ಒಂದೊಂದು ಕಡೆ ಕಾಲು ಸೆಕೆಂಡಿನಷ್ಟು ನಿಲ್ಲುತ್ತೆ, ನಡುವೆ ಬಿಟ್ಟಿದ್ದನ್ನ ಮನಸ್ಸೇ ತುಂಬ್ಕೊಳ್ಳುತ್ತೆ, ಬರೆದವರ ಮನಸ್ಸಲ್ಲಿ ತುಂಬೋಕೆ ಎಲ್ಲ ಮೊದಲೇ ರೆಡಿ ಇರುತ್ತೆ. ನಿಮ್ಮಪ್ಪನ್ನ ನೀವು ನೋಡಿಲ್ಲ ಅನ್ನೋದು ನಿಮಗೆ ಎಷ್ಟು ಗಟ್ಟಿಯಾಗಿ ಗೊತ್ತು ಅಂದ್ರೆ ಹಾಳೆ ಮೇಲೆ ಏನೇ ಇದ್ರೂ ನೀವು ‘ನೋಡದ’ ಅಂತಲೇ ಓದ್ತೀರಿ. ಇದು ನಿಮ್ಮ ಅಸಡ್ಡೆ ಅಲ್ಲ. ಅದೂ ವಿಜಯನಗರದಿಂದ ಹತ್ತಿ ಮೆಜೆಸ್ಟಿಕ್ ರಶ್ಶಿನಲ್ಲಿ ಒಂದು ಕೈ ಹ್ಯಾಂಡಲ್ಲಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಓದಿದ್ದು, ದ ಮತ್ತು ಧಕ್ಕೆ ಇರೋದು ಒಂದು ಸಣ್ಣ ಸೀಳಿನ ವ್ಯತ್ಯಾಸ, ಆ ಸ್ಕ್ರೀನಲ್ಲಿ ಅದು ಕಾಣೋದೇ ಕಷ್ಟ. ಷ ಮತ್ತು ಪ, ಮ ಮತ್ತು ವ, ಘ ಮತ್ತು ಫ, ಇವೂ ಹಾಗೇ.

ಲೆಕ್ಕಾನೂ ಒಂದ್ಸಲ ಹಾಕೋಣ. ನಿಮ್ಮದು ಡೆಮಿ 1/8 ಸೈಜು ಅನ್ಕೊಂಡ್ರೆ ಪುಟಕ್ಕೆ ಹೆಚ್ಚೂಕಮ್ಮಿ 220 ಪದ, 208 ಪುಟಕ್ಕೆ ಸುಮಾರು 45 ಸಾವಿರ ಪದ. ಸಾವಿರಕ್ಕೆ ಒಂದೇ ತಪ್ಪು ಅಂದ್ರೂ 45 ಆಯ್ತು. 63 ಕಮ್ಮಿಯೇನಲ್ಲ, ನಿಜ, ಆದ್ರೆ ನೀವು ತಲೆ ತಗ್ಗಿಸೋ ಅಂಥದ್ದೂ ಅಲ್ಲ.

ಈಗ ದೊಡ್ಡಮ್ಮನ 63ನ್ನ ಮುಂದಿಟ್ಟುಕೊಂಡು ಮೂರು ಪಾಲು ಮಾಡಿ. ಅರ್ಥ ಕೆಟ್ಟಿರೋವು ಒಂದು ಪಾಲು. ಅರ್ಥ ಕೆಡದ ಕಾಗುಣಿತದ ತಪ್ಪು ಎರಡನೇದು, ಅಂದ್ರೆ ‘ವಿಧ್ಯಾರ್ಥಿ’, ‘ಹಾರ್ಧಿಕ’, ‘ಸಂಬಂದ’, ‘ಜಾತ್ಯಾತೀತ’ ಇಂಥವು. ತಪ್ಪೇ ಅಲ್ಲದೆ ಅಭಿಪ್ರಾಯಭೇದ ಆಗಿರೋವು ಮೂರನೇದು, ಟೀಚರ್‌ಗಳ ಪಟ್ಟೀಲಿ ಇವು ಖಂಡಿತ ಇರುತ್ತೆ, ‘ಬೆಂಗಳೂರಲ್ಲಿ’ ಅಂತ ಬರೆದಿದ್ದನ್ನ ‘ಬೆಂಗಳೂರಿನಲ್ಲಿ’ ಅಂತ ತಿದ್ದಿರ್ತಾರೆ, ‘ವರುಷ’ವನ್ನ ‘ವರ್ಷ’ ಮಾಡಿರ್ತಾರೆ. ದೊಡ್ಡವರ ಮೇಲಿನ ಗೌರವ ಇರ್ಲಿ, ಆದ್ರೆ ಇವನ್ನ ಲೆಕ್ಕಕ್ಕೆ ಹಿಡಿಯಬೇಡಿ. ‘ಮದ್ಯರಾತ್ರಿ’ ಮಾತ್ರ ಯಾವ ಪಾಲಿಗೆ ಅಂತ ಕೇಳಿದ್ರೆ ನಾನು ಮೊದಲನೇದಕ್ಕೇ ಹಾಕ್ತೀನಿ, ಮದ್ಯ ಅಂದ್ರೆ ಹೆಂಡ.

ಮೂರನೇ ಪಾಲಿನ ವಿಷಯದಲ್ಲಿ ನನಗೆ ಒಂದು ನೋವಿದೆ, ಹೇಳ್ತೀನಿ. ಪ್ರತಿ ಹಿಡಿಯೋದು ಬಿಟ್ಟು ನಾನೇ ತಿದ್ದೋಕೆ ಶುರು ಮಾಡಿದ ಹೊಸತರಲ್ಲಿ ಧಾರವಾಡ ಕಡೆಯ ಒಬ್ಬ ಹಿರಿಯರ ಕಥೆಗಳ ಪ್ರೂಫ್ ನನ್ನ ಕೈಗೆ ಬಂತು. ಕಥೇಲಿ ಅಜ್ಜಿ ‘ನಾ ಹೊಂಟೀನಿ’ ಅಂತಾಳೆ. ನಾನು ಅದನ್ನ ‘ನಾನು ಹೊರಟಿದ್ದೇನೆ’ ಅಂತ ತಿದ್ದಿದೆ, ಒಂದಲ್ಲ, ಪುಸ್ತಕದ ಉದ್ದಕ್ಕೂ. ಅಚ್ಚಾದ ಮೇಲೆ ಅವರು ಪ್ರೆಸ್ಸಿಗೆ ಬಂದು ಬೈಯಲಿಲ್ಲ, ಆ ಪುಟ ತೆಗೆದು ನನ್ನ ಮುಂದಿಟ್ಟು ‘ಇದು ನಮ್ಮವ್ವನ ಮಾತಲ್ಲ’ ಅಂದ್ರು, ಅಷ್ಟೇ. ಅವತ್ತಿಂದ ಯಾವ ಪುಸ್ತಕ ಬಂದ್ರೂ ಮೊದಲು ಲೇಖಕರ ಜೊತೆ ಕೂತು ಒಂದು ಹಾಳೇಲಿ ಪದಪಟ್ಟಿ ಬರ್ಕೊಳ್ತೀನಿ: ಮನಸ್ಸು ಅಂತಲೋ ಮನಸು ಅಂತಲೋ, ಬಸ್ ಅಂತಲೋ ಬಸ್ಸು ಅಂತಲೋ, ಯಾರ ಮಾತು ಯಾವ ಊರಿನದು, ಯಾರ ಹೆಸರಲ್ಲಿ ಯಾವ ಳ ಯಾವ ಣ. ಮುಂದಿನ ಪುಸ್ತಕಕ್ಕೆ ಈ ಹಾಳೆ ನೀವೇ ಮಾಡಿ ಡಿಟಿಪಿಯವರಿಗೂ ಒಂದು ಕೊಡಿ. ಅನುಮಾನ ಬಂದ ಪದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದೆ, ಎಂಟು ಸಂಪುಟದ್ದು, ನನ್ನ ಮೇಜಿನ ಪಕ್ಕದ ಕಪಾಟಲ್ಲಿ ಅದಕ್ಕೇ ಒಂದು ಪೂರ್ತಿ ಸಾಲು.

ಸರಿ, 380 ಪ್ರತಿಗೆ ಬರೋಣ. ಅದನ್ನ ರದ್ದಿಗೆ ಹಾಕೋ ಮಾತೇ ಬೇಡ. ಶೀರ್ಷಿಕೆ ತಪ್ಪಾಗಿರೋದು ಎರಡು ಕಡೆ ಇರುತ್ತೆ, ಅಧ್ಯಾಯದ ಮೊದಲ ಪುಟ ಮತ್ತು ಪರಿವಿಡಿ. ಪ್ರತೀ ಪುಟದ ಮೇಲೂ ಅಧ್ಯಾಯದ ಹೆಸರು ಬರೋ ಹಾಗೆ ಮಾಡಿಸಿದ್ರೆ ಮಾತ್ರ ಕಷ್ಟ, ಇಲ್ಲದಿದ್ರೆ ಎರಡೇ ಹಾಳೆ. ಆ ಎರಡು ಹಾಳೆ ಮಾತ್ರ ಅದೇ ಕಾಗದದಲ್ಲಿ ಹೊಸದಾಗಿ ಅಚ್ಚು ಹಾಕಿಸಿ, 70 ಜಿಎಸ್‌ಎಮ್ ದಪ್ಪದ ಮ್ಯಾಪ್‌ಲಿಥೋ ಕಾಗದ ಆಗಿದ್ರೆ ಅದೇ, ಬಿಳುಪು ಕೂಡ ತಾಳೆ ನೋಡಿ, ಇಲ್ಲಾಂದ್ರೆ ಎದ್ದು ಕಾಣುತ್ತೆ. ಬೈಂಡರ್ ತಪ್ಪಾದ ಹಾಳೇನ ಬೆನ್ನಿನ ಹತ್ರ ಸಣ್ಣ ಅಂಚು ಬಿಟ್ಟು ಬ್ಲೇಡಲ್ಲಿ ಕೊಯ್ದು, ಆ ಅಂಚಿಗೆ ಹೊಸ ಹಾಳೆ ಅಂಟಿಸ್ತಾರೆ. ಮೊಳೆ ಅಚ್ಚಿನ ಕಾಲದಿಂದ ಇರೋ ಉಪಾಯ ಇದು. 380 ಪ್ರತಿಗೆ 760 ಹಾಳೆ, ಕೈಕೆಲಸ ಗೊತ್ತಿರೋ ಬೈಂಡರ್‌ಗೆ ಹೇಳಿ, ಬಿಡುವಾಗಿ ಮಾಡಲಿ, ಅವಸರ ಮಾಡಬೇಡಿ, ಮೊದಲು ಐದು ಪ್ರತಿ ಮಾಡಿಸಿ ನೋಡಿ ಆಮೇಲೆ ಮಿಕ್ಕಿದ್ದು ಕೊಡಿ. ಹಾಳೆಯ ಹಿಂದಿನ ಪುಟವೂ ಹೊಸದಾಗೇ ಅಚ್ಚಾಗುತ್ತೆ ಅನ್ನೋದು ನೆನಪಿರಲಿ, ಅಲ್ಲಿರೋ ತಪ್ಪೂ ಅದರ ಜೊತೇಲೇ ಸರಿ ಮಾಡಿಬಿಡಿ.

ಅರ್ಥ ಕೆಟ್ಟಿರೋ ಮಿಕ್ಕ ತಪ್ಪುಗಳಿಗೆ ಒಂದು ಒಪ್ಪೋಲೆ ಮಾಡಿಸಿ, ಬುಕ್‌ಮಾರ್ಕ್ ಅಳತೆಯ ಚೀಟಿ, ಪುಟ, ಸಾಲು, ತಪ್ಪು, ಒಪ್ಪು. ಹಿಂದೆ ಕನ್ನಡ ಪುಸ್ತಕಗಳಲ್ಲಿ ಇದು ಸಾಮಾನ್ಯ ಆಗಿತ್ತು, ದೊಡ್ಡ ವಿದ್ವಾಂಸರ ಪುಸ್ತಕದಲ್ಲೂ ಇರ್ತಿತ್ತು, ಯಾರೂ ಅದನ್ನ ಅವಮಾನ ಅನ್ಕೋತಿರ್ಲಿಲ್ಲ. 63ನ್ನೂ ಹಾಕಬೇಡಿ, ಓದುಗರಿಗೆ ಅದು ಬೇಕಾಗಿಲ್ಲ. ಎರಡನೇ ಪಾಲಿನದು ನಿಮ್ಮ ತಿದ್ದುಪಡಿ ಪ್ರತೀಲಿ ಇರಲಿ, ಒಂದು ಪುಸ್ತಕ ಅದಕ್ಕೇ ಮೀಸಲಿಟ್ಟು ಮೇಲೆ ದೊಡ್ಡದಾಗಿ ‘ಕೊಡಬಾರದು’ ಅಂತ ಬರೆದಿಡಿ, ಇವತ್ತೇ ಡಿಟಿಪಿ ಫೈಲಲ್ಲೂ ತಿದ್ದಿಸಿ ಆ ಫೈಲ್ ನಿಮ್ಮ ಹತ್ರ ಇಸ್ಕೊಂಡು ಇಟ್ಕೊಳ್ಳಿ. ಅಂಗಡಿ ಬದಲಾಗುತ್ತೆ, ಆಪರೇಟರ್ ಊರಿಗೆ ಹೋಗಿಬಿಡ್ತಾರೆ, ಎರಡು ವರ್ಷ ಬಿಟ್ಟು ಮರುಮುದ್ರಣ ಅಂದಾಗ ಹಳೇ ತಪ್ಪು ಫೈಲೇ ಮತ್ತೆ ಪ್ಲೇಟಿಗೆ ಹೋಗಿರೋದು ನಾನು ಕಂಡಿದೀನಿ. ಅಂದಹಾಗೆ ಬರೀ ಅಚ್ಚಿನ ತಪ್ಪು ತಿದ್ದಿ ಮರುಮುದ್ರಣ ಮಾಡೋಕೆ ಹೊಸ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬೇಕಿಲ್ಲ, ಹಳೇದೇ ನಡೆಯುತ್ತೆ.

ಮುಂದಿನ ಪುಸ್ತಕಕ್ಕೆ ಇನ್ನು ಎರಡೇ ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ. ಡಿಟಿಪಿಯವರನ್ನ ಮೊದಲೇ ಕೇಳಿ, ಯೂನಿಕೋಡಲ್ಲೇ ಪುಟ ಕಟ್ತೀರಾ ಅಂತ. ಇನ್‌ಡಿಸೈನ್ ಅನ್ನೋ ಪುಟ ಕಟ್ಟೋ ಸಾಫ್ಟ್‌ವೇರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಆಯ್ಕೆ ಆನ್ ಮಾಡ್ಕೊಂಡ್ರೆ ಕನ್ನಡದ ಒತ್ತು ಕೊಂಬು ಎಲ್ಲ ಸರಿಯಾಗಿ ಕೂರುತ್ತೆ, ಕನ್ವರ್ಟ್ ಮಾಡೋ ಗೋಳೇ ಇರಲ್ಲ. ಯೂನಿಕೋಡ್ ಆಗಿದ್ರೆ ಇನ್ನೊಂದು ಲಾಭ, ಬರಹಾನ ಫೋನಿಗೆ ಹಾಕಿ ಗೂಗಲ್ಲಿನ ಕನ್ನಡ ದನಿಯಲ್ಲಿ ಓದಿಸಬಹುದು. ಅದು ಭಾವ ಇಲ್ಲದೆ ಓದುತ್ತೆ, ಅದೇ ನಮಗೆ ಬೇಕಾಗಿರೋದು, ಇದ್ದಿದ್ದನ್ನ ಇದ್ದ ಹಾಗೇ ಓದುತ್ತೆ, ನೋಡಿದ ಅಂತಿದ್ರೆ ನೋಡಿದ ಅಂತಲೇ ಅನ್ನುತ್ತೆ, ಕಣ್ಣಿಗೆ ತಪ್ಪಿಸಿಕೊಂಡಿದ್ದು ಕಿವಿಗೆ ಚುಚ್ಚುತ್ತೆ.

ಎರಡನೇದು, ಪುಟ ಕಟ್ಟಿದ ಮೇಲಿನ ಪ್ರೂಫನ್ನ ಕಾಗದದ ಮೇಲೇ ತೆಗೆಸಿ. ದುಡ್ಡು ಖರ್ಚಾಗುತ್ತೆ, ಆಗಲಿ. ಕೆಲವರು ಕೊನೇ ಪುಟದಿಂದ ಶುರು ಮಾಡಿ ಮೊದಲ ಪುಟದ ಕಡೆಗೆ ಓದಿ ಅಂತ ಹೇಳ್ತಾರೆ, ಕಾಗುಣಿತಕ್ಕೆ ಅದು ಒಳ್ಳೇದೇ, ಆದ್ರೆ ನಿಮ್ಮ ಶೀರ್ಷಿಕೆಯಂಥ ತಪ್ಪನ್ನ ಅದು ಹಿಡಿಯಲ್ಲ. ಇಬ್ಬರು ಕೂರಬೇಕು, ಒಬ್ಬರ ಕೈಯಲ್ಲಿ ನಿಮ್ಮ ಮೂಲ ಫೈಲಿನ ಪ್ರಿಂಟು, ಒಬ್ಬರ ಕೈಯಲ್ಲಿ ಪ್ರೂಫು. ಶೀರ್ಷಿಕೆ, ಪರಿವಿಡಿ, ಅರ್ಪಣೆ, ಬೆನ್ನು, ಬೆನ್ನುಡಿ ಮೊದಲು, ಒಳಗಿಂದು ಆಮೇಲೆ. ಗಂಟೆಗೆ ಹತ್ತು ಪುಟಕ್ಕಿಂತ ಜಾಸ್ತಿ ಬೇಡ, ನಾನು ಇಷ್ಟು ವರ್ಷದ ಮೇಲೂ ಅದಕ್ಕಿಂತ ವೇಗವಾಗಿ ಓದಲ್ಲ, ದಿನಕ್ಕೆ ಎರಡು ಗಂಟೆ ಅಂದ್ರೆ 208 ಪುಟಕ್ಕೆ ಹತ್ತು ಹನ್ನೊಂದು ದಿನ. ತಿದ್ದಿ ವಾಪಸ್ ಬಂದ ಮೇಲೆ ತಿದ್ದಿದ ಪದ ಮಾತ್ರ ನೋಡಿ ಟಿಕ್ ಹಾಕಬೇಡಿ, ಆ ಇಡೀ ಪ್ಯಾರಾ ಓದಿ, ಒಂದೇ ಸಾಲಲ್ಲಿ ಅದೇ ಪದ ಎರಡು ಸಲ ಇದ್ರೆ ಸರಿಯಾಗಿದ್ದಿದ್ದನ್ನೇ ತಿದ್ದಿಟ್ಟಿರ್ತಾರೆ.

ಪ್ರೂಫು ಹಿಡಿದು ಕೂರೋರು ಯಾರು ಅಂದ್ರೆ ನಿಮ್ಮ ದೊಡ್ಡಮ್ಮನೇ ಸರಿ. ಅವರಿಗೆ ಪೆನ್ಸಿಲ್ ಹಿಡಿದು ಗೊತ್ತು, ಪುಸ್ತಕ ಅವರಿಗೆ ಬಾಯಿಪಾಠ ಆಗಿಲ್ಲ, ಹೇಳೋಕೆ ಸಂಕೋಚಾನೂ ಇಲ್ಲ. ಮೂಲ ಪ್ರತಿ ನೀವು ಹಿಡಿದು ಜೋರಾಗಿ ಓದಿ. ಹಾಳೆ ಬದಲಾದ ಮೇಲೆ ಮೊದಲ ಪ್ರತಿ ಅವರಿಗೇ ಕೊಟ್ಟು, ಅಪ್ಪನ ಅಧ್ಯಾಯದ ಹೆಸರನ್ನ ಅವರ ಕೈಲೇ ಒಂದ್ಸಲ ಜೋರಾಗಿ ಓದಿಸಿ ನೋಡಿ.